ಬೈದ ಜಾಗದಲ್ಲೇ ಕ್ಷಮೆ

ನಾನು ಬಾಯಿಯಿಂದ ಹೊಟ್ಟೆ ಹೊರೆದ ಮನುಷ್ಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಊರುಗಳ ಪೈಕಿ ಒಂದರ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಯಾವ ಊರು ಎಂದು ಮಾತ್ರ ಹೇಳುವುದಿಲ್ಲ. ಕೇಳಿದರೆ ಐದೂ ಊರಿನವರು ‘ನಮ್ಮಲ್ಲಂತೂ ಅಲ್ಲ’ ಎನ್ನುತ್ತಾರೆ, ಹಾಗೇ ಇರಲಿ. ಗಾಜಿನ ಕಿಟಕಿಯ ಸಣ್ಣ ಕೋಣೆ, ಒಂದು ಮೇಜು, ಬಸ್ಸು ಬಂದುಹೋದ ಸಮಯ ಬರೆಯುವ ದಪ್ಪ ರಿಜಿಸ್ಟರು, ಮತ್ತು ಒಂದು ಮೈಕು. ಇಷ್ಟೇ ನನ್ನ ಸಾಮ್ರಾಜ್ಯ. ಯಾವ ಬಸ್ಸು ಎಲ್ಲಿಗೆ, ಎಷ್ಟೊತ್ತಿಗೆ ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಹೇಳಿ ಸುಮ್ಮನಾಗಬೇಕಿತ್ತು. ಸುಮ್ಮನಾಗುವ ಭಾಗ ನನಗೆ ಕೈಗೂಡಲಿಲ್ಲ.

“ಕುಡಚಿ ಸ್ಟೇಶನ್ನಿಗೆ ಹೋಗಾವ್ರು ಲಗೂ ಹತ್ರಿ. ರೈಲ ಏನ ನಿಮ್ಮ ಮಾವನ ಮನೀದಲ್ಲ, ನಿಂದ್ರೂದಿಲ್ಲ.” “ಕಾಗವಾಡ ಬಸ್ಸಿನ್ಯಾಗ ಟಾವೆಲ್ ಒಗದ ಸೀಟ್ ಹಿಡದಾವ್ರ ಗಮನಕ್ಕ, ನಿಮ್ಮ ಟಾವೆಲ್ ಕುಂತೈತಿ, ನೀವು ನಿಂತೀರಿ.” ಇಂಥವಕ್ಕೆ ನಿಲ್ದಾಣವೆಲ್ಲ ನಗುತ್ತಿತ್ತು. ನಾನು ಗಾಜಿನ ಹಿಂದೆ ಮೀಸೆ ತಿರುವುತ್ತಿದ್ದೆ. ನನ್ನ ಹೆಂಡತಿ ಮಾತ್ರ ನಗಲಿಲ್ಲ. “ಆ ಮೈಕಿಗರೆ ಒಂದ ಬಟನ್ ಐತ್ರಿ. ನಿಮಗ ದೇವರು ಅದನ್ನ ಇಡಾಕ ಮರತಾನ” ಎನ್ನುತ್ತಿದ್ದಳು. ಅದು ಶಾಪವೋ ಪ್ರಾರ್ಥನೆಯೋ ನನಗೆ ಇನ್ನೂ ತಿಳಿದಿಲ್ಲ.

ದೇವರ ವಿಷಯ ಬಂತು, ಹೇಳಿಬಿಡುತ್ತೇನೆ. ನಮ್ಮದು ಮೂವತ್ತು-ಮೂವತ್ತೈದು ಮನೆಗಳ ಸಣ್ಣ ಕ್ರೈಸ್ತ ಸಭೆ. ಭಾನುವಾರದ ಹಾಡುಗಳು ಅರ್ಧ ಕನ್ನಡ, ಅರ್ಧ ಮರಾಠಿ. ಉಪದೇಶ ಕನ್ನಡ. ಜಗಳ ಎರಡೂ ಭಾಷೆಗಳಲ್ಲಿ ಸಮಸಮ. ಪಾಸ್ಟರು ಒಬ್ಬರಿದ್ದರು, ಆದರೆ ನಿಜವಾದ ಅಧಿಕಾರ ಮುಂದಿನ ಬೆಂಚಿನಲ್ಲಿ ಕೂರುವ ಆಯಿಯದು. ಆಯಿ ನಮ್ಮ ಸಭೆಗೆಲ್ಲ ಅಜ್ಜಿ. ಪ್ರಾಯದಲ್ಲಿ ಹಳ್ಳಿಹಳ್ಳಿ ತಿರುಗಿ ಹೆಣ್ಣುಮಕ್ಕಳಿಗೆ ಬೈಬಲಿನ ವಾಕ್ಯ ಓದಿ ಹೇಳಿದವಳು, ಮಕ್ಕಳ ತಲೆಯ ಹೇನು ತೆಗೆದವಳು, ಕುಡುಕ ಗಂಡಂದಿರಿಗೆ ಕೊಡೆಯಿಂದ ಹೊಡೆದವಳು. ಎಂಬತ್ತು ದಾಟಿದರೂ ಕೊಡೆ ಬಿಟ್ಟಿರಲಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ರೊಟ್ಟಿಯ ತಟ್ಟೆ, ಸಣ್ಣ ಸಣ್ಣ ಲೋಟಗಳಲ್ಲಿ ದ್ರಾಕ್ಷಾರಸ ಬೆಂಚಿನಿಂದ ಬೆಂಚಿಗೆ ಸಾಗುತ್ತದೆ. ಯಾರಿಗಾದರೂ ಬೈದು ಮನಸ್ಸು ಮುರಿದಿದ್ದರೆ, ಅವರ ಬಳಿ ಹೋಗಿ ಕ್ಷಮೆ ಕೇಳದೆ ಅದನ್ನು ಮುಟ್ಟಬಾರದು. ಇದು ಎಲ್ಲ ಸಭೆಗಳಲ್ಲೂ ಇರುವುದೇ. ಆಯಿ ಇದಕ್ಕೆ ತನ್ನದೊಂದು ಬಾಲ ಸೇರಿಸಿದ್ದಳು: ಎಲ್ಲಿ ನಿಂತು ಬೈದಿದ್ದೀಯೋ ಅಲ್ಲೇ ನಿಂತು ಕ್ಷಮೆ ಕೇಳಬೇಕು. ನಾಲ್ಕು ಜನರ ಮುಂದೆ ಮಾನ ಕಳೆದು, ಅಡುಗೆಮನೆಯಲ್ಲಿ ಗುಟ್ಟಾಗಿ ‘ತಪ್ಪಾತು’ ಎಂದರೆ ನಡೆಯುವುದಿಲ್ಲ.

ಇದರಿಂದ ಶನಿವಾರಗಳು ಬಹಳ ಗಡಿಬಿಡಿಯವಾಗಿದ್ದವು. ಹಿಟ್ಟಿನ ಗಿರಣಿಯಲ್ಲಿ ಜಗಳವಾಡಿದ್ದ ಇಬ್ಬರು ನೆಗೆಣ್ಣಿಯರು ಗಿರಣಿ ಓಡುತ್ತಿರುವಾಗಲೇ “ತಪ್ಪಾತವಾ!” “ಏನಾತು?” “ತಪ್ಪಾತು ಅನ್ನಾಕತ್ತೇನಿ!” ಎಂದು ಅರಚಿಕೊಂಡರು, ಅದು ಹೊಸ ಜಗಳವೆಂದು ಗಿರಣಿಯವನು ಕರೆಂಟು ತೆಗೆದ. ನಿಪ್ಪಾಣಿ ಸಂತೆಯಲ್ಲಿ ಬೀಗರಿಗೆ ಬೈದಿದ್ದ ಒಬ್ಬರು ಮುಂದಿನ ಸಂತೆಯವರೆಗೆ ಕಾದು, ಅದೇ ಮೆಣಸಿನಕಾಯಿ ರಾಶಿಯ ಮುಂದೆ ಕ್ಷಮೆ ಕೇಳುವಾಗ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಬಂತು. ಪಶ್ಚಾತ್ತಾಪ ಎಂದರೆ ಹೀಗಿರಬೇಕು ಎಂದು ಪಾಸ್ಟರು ಅದನ್ನೇ ಉಪದೇಶದಲ್ಲಿ ಹೇಳಿದರು. ಮೆಣಸಿನಕಾಯಿಯ ಮಾತು ಯಾರೂ ಎತ್ತಲಿಲ್ಲ.

ನಾನೂ ಒಮ್ಮೆ ಈ ಕಟ್ಟಳೆಗೆ ಸಿಕ್ಕಿದ್ದೆ. ಆಗಿನ್ನೂ ನಮ್ಮ ಕಡೆ ಬಟನ್ ಮೊಬೈಲುಗಳ ಕಾಲ. ಅಥಣಿ ಬಸ್ಸಿನ ಚಾಲಕರು ಹತ್ತು ನಿಮಿಷ ಕಾಣೆಯಾದರು. ನಾನು ಮೈಕಿನಲ್ಲಿ, “ಅಥಣಿ ಚಾಲಕರು ಎಲ್ಲಿದ್ರೂ ಬರಬೇಕು. ಚಹಾ ಕುಡಿಯಾಕ ಹೋಗ್ಯಾರೋ, ಚಹಾಪುಡಿ ತರಾಕ ಅಸ್ಸಾಮಿಗೇ ಹೋಗ್ಯಾರೋ” ಎಂದೆ. ಪಾಪ, ಅವರಿಗೆ ಹೊಟ್ಟೆ ಕೆಟ್ಟಿತ್ತು. ಅವರು ನಮ್ಮ ಸಭೆಯವರಲ್ಲ, ಆದರೆ ಆಯಿ ಅದನ್ನೆಲ್ಲ ನೋಡುವವಳಲ್ಲ. ನೊಂದವನು ಯಾವ ದೇವರ ಮನೆಯವನಾದರೂ ನೊಂದವನೇ ಎಂದಳು. ಸರಿ, ಮರುದಿನ ಮೈಕು ಹಿಡಿದು, “ಪ್ರಯಾಣಿಕರ ಗಮನಕ್ಕೆ. ನಿನ್ನೆ ಅಥಣಿ ಚಾಲಕರು ಅಸ್ಸಾಮಿಗೆ ಹೋಗಿರಲಿಲ್ಲ, ಪಾಯಖಾನೆಗೆ ಹೋಗಿದ್ದರು. ತಪ್ಪಾಗಿ ಹೇಳಿದ್ದಕ್ಕೆ ಕ್ಷಮೆ ಇರಲಿ” ಎಂದು ಎರಡೂ ಭಾಷೆಗಳಲ್ಲಿ ಸಾರಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಾಲಕರು ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಯಾಕೆ ಎಂದು ನಾನು ಯೋಚಿಸಲಿಲ್ಲ, ನನ್ನ ಕಿವಿಯಲ್ಲಿ ಚಪ್ಪಾಳೆಯೇ ತುಂಬಿತ್ತು.

ಆಮೇಲೆ ಸ್ಮಾರ್ಟ್‌ಫೋನು ಬಂತು. ನಮ್ಮ ತಾಲೂಕಿನದೊಂದು ಫೇಸ್‌ಬುಕ್ ಗುಂಪಿತ್ತು. ಕಳೆದುಹೋದ ಎಮ್ಮೆ, ಕೆಟ್ಟ ರಸ್ತೆ, ಮುಖಂಡರ ಹುಟ್ಟುಹಬ್ಬ ಎಲ್ಲವೂ ಅದರಲ್ಲಿ ಬರುತ್ತಿದ್ದವು. ನೌಕರಿಯಲ್ಲಿರುವವನು ಸ್ವಂತ ಹೆಸರಿನಲ್ಲಿ ಜಗಳವಾಡುವಂತಿಲ್ಲವಲ್ಲ, ಹಾಗಾಗಿ ಒಂದು ಸುಳ್ಳು ಹೆಸರು ಇಟ್ಟುಕೊಂಡೆ. ಫೋಟೋ ಇರಬೇಕಾದಲ್ಲಿ ಕಪ್ಪು ದ್ರಾಕ್ಷಿಯ ಗೊಂಚಲು ಹಾಕಿದೆ. ಆ ಗೊಂಚಲಿನ ಹಿಂದೆ ಕುಳಿತರೆ ಗಾಜಿನ ಕೋಣೆಗಿಂತ ಹಾಯಾಗಿತ್ತು, ಯಾರಿಗೂ ಮುಖ ಕಾಣುತ್ತಿರಲಿಲ್ಲ.

ಒಂದು ದಿನ ಅಲ್ಲೊಂದು ದೂರು ಬಂತು. “ಸಂಜೆ ಐದೂವರೆಯ ಸದಲಗಾ ಬಸ್ಸು ದಿನಾಲೂ ಆರು ದಾಟಿದ ಮೇಲೆ ಹೊರಡುತ್ತದೆ. ನಾವು ಹುಡುಗಿಯರು ಊರು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ನಿಯಂತ್ರಕರು ದಯವಿಟ್ಟು ಗಮನಿಸಬೇಕು.” ಜೊತೆಗೆ ನಿಲ್ದಾಣದ ಗಡಿಯಾರದ ಫೋಟೋ. ಆರು ಗಂಟೆ ಹತ್ತು ನಿಮಿಷ, ಹಿಂದೆ ಬಸ್ಸು ನಿಂತಿದೆ. ಬರೆದವಳು ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗಿ, ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವ ರೈತನ ಮಗಳು. ‘ದಯವಿಟ್ಟು’ ಎಂಬುದು ನನ್ನ ಕಣ್ಣಿಗೆ ಬೀಳಲಿಲ್ಲ, ‘ನಿಯಂತ್ರಕರು’ ಮಾತ್ರ ಬಿತ್ತು. ಇಪ್ಪತ್ತು ವರ್ಷ ಮೈಕು ಹಿಡಿದವನಿಗೆ ಇವಳು ಗಡಿಯಾರ ತೋರಿಸುತ್ತಾಳೆಯೇ ಎಂದು ಮೈ ಉರಿಯಿತು.

ದ್ರಾಕ್ಷಿಯ ಹಿಂದಿನಿಂದ ಬರೆದೆ: “ನೋಡ್ರಪಾ, ಸದಲಗಾದಿಂದ ಸೆಕೆಂಡ್ ಮುಳ್ಳು ಬಂದೈತಿ. ದೊಡ್ಡ ಮುಳ್ಳು, ಸಣ್ಣ ಮುಳ್ಳು ಸುಮ್ನಿದ್ರೂ ಇದರದ್ದು ಒಂದೇ ಸವನೆ ಟಿಕ್ ಟಿಕ್ ಟಿಕ್.”

ನಾಲ್ಕುನೂರು ಜನ ಮೆಚ್ಚಿದರು. ನಿಲ್ದಾಣದಲ್ಲಿ ಒಂದು ಸಲಕ್ಕೆ ನಾಲ್ಕುನೂರು ಜನ ನಕ್ಕದ್ದು ನನಗೆ ನೆನಪಿಲ್ಲ. ಮರುದಿನ ಇನ್ನೊಂದು ಬರೆದೆ, ಅದರ ಮರುದಿನ ಮತ್ತೊಂದು. ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ಫೋನು ಬಿಚ್ಚುತ್ತಿದ್ದೆ. ಹುಡುಗಿ ಒಮ್ಮೆ ಮರ್ಯಾದೆಯಿಂದ ಉತ್ತರ ಕೊಟ್ಟಳು, ಇನ್ನೊಮ್ಮೆ ಸಿಟ್ಟಿನಿಂದ ಕೊಟ್ಟಳು, ಆಮೇಲೆ ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಅವಳ ಎಮ್ಮೆ ಕರು ಹಾಕಿದ ಫೋಟೋದ ಕೆಳಗೆ ‘ಟಿಕ್’ ಎಂದು ಬರೆದೆ. ನನ್ನ ಹಿಂದೆ ನೂರು ಜನ ಬಂದು ‘ಟಿಕ್’ ಎಂದರು. ಅವಳ ತಂಗಿಯ ಹುಟ್ಟುಹಬ್ಬಕ್ಕೂ ಟಿಕ್. ಅವಳ ಅಜ್ಜಿ ತೀರಿಕೊಂಡ ಸುದ್ದಿಯ ಕೆಳಗೂ ಯಾರೋ ಟಿಕ್ ಎಂದು ಬರೆದಿದ್ದರು. ಅದನ್ನು ಬರೆದದ್ದು ನಾನಲ್ಲ. ಆದರೆ ಆ ಪದವನ್ನು ಅವರ ಕೈಗೆ ಕೊಟ್ಟವನು ನಾನೇ.

ಅದೇ ತಿಂಗಳು ಪಾಸ್ಟರು ನಾಲಿಗೆಯ ಬಗ್ಗೆ ಉಪದೇಶ ಮಾಡಿದರು. ಬಾಯಿಯ ಬಾಗಿಲಿಗೆ ಕಾವಲಿಡು ಎಂದು ದೇವರನ್ನು ಬೇಡಿಕೊಳ್ಳೋಣ ಎಂದರು. ನಾನು ಗಟ್ಟಿಯಾಗಿ ‘ಆಮೆನ್’ ಎಂದು ನನ್ನ ನಾದಿನಿಯ ಕಡೆ ನೋಡಿದೆ. ಅವಳು ‘ಆಮೆನ್’ ಎಂದು ನನ್ನ ಕಡೆ ನೋಡಿದಳು. ಬರೆಯುವುದೂ ಮಾತೇ ಎಂದು ನನಗೆ ಅನ್ನಿಸಿರಲೇ ಇಲ್ಲ. ನಾಲಿಗೆ ಬಾಯೊಳಗೆ ತೆಪ್ಪಗಿತ್ತಲ್ಲ, ಕೆಲಸವೆಲ್ಲ ಹೆಬ್ಬೆರಳಿನದು. ಕಾವಲುಗಾರ ಮುಂಬಾಗಿಲಲ್ಲಿ ಕುಳಿತಿದ್ದಾಗ ನಾನು ಹಿತ್ತಲಿನಿಂದ ದಾಟುತ್ತಿದ್ದೆ.

ಒಂದು ಬೆಳಿಗ್ಗೆ ಗಾಜಿನ ಕಿಟಕಿಯಿಂದ ನೋಡುತ್ತಿದ್ದೆ. ಸದಲಗಾ ಬಸ್ಸು ಬಂತು. ಸಣಕಲು ಹುಡುಗಿಯೊಬ್ಬಳು ಇಳಿದು ಪುಸ್ತಕ ಎದೆಗವಚಿಕೊಂಡು ನಡೆದಳು. ಕಂಬದ ಬಳಿ ನಿಂತಿದ್ದ ಕಾಲೇಜಿನ ಹುಡುಗರು ಅವಳ ಹೆಜ್ಜೆಗೆ ಸರಿಯಾಗಿ ಶುರುಮಾಡಿದರು: ಟಿಕ್, ಟಿಕ್, ಟಿಕ್. ಅವಳು ಜೋರಾಗಿ ನಡೆದರೆ ಟಿಕ್ಕೂ ಜೋರಾಯಿತು, ನಿಂತರೆ ನಿಂತಿತು. ಹೇಳಲು ನಾಚಿಕೆಯಾಗುತ್ತದೆ, ಮೊದಲ ಕ್ಷಣ ನನಗೆ ಆದದ್ದು ಖುಷಿ. ನನ್ನ ಮಾತು ಫೋನಿನಿಂದ ಇಳಿದು ಕಾಲು ಬಂದು ಓಡಾಡುತ್ತಿದೆಯಲ್ಲ ಎಂದು. ಆಮೇಲೆ ಅವಳು ಈ ಕಡೆ ತಿರುಗಿದಳು. ಕಿವಿ ಮುಚ್ಚಿಕೊಳ್ಳಬೇಕೆಂದರೆ ಕೈಯಲ್ಲಿ ಪುಸ್ತಕಗಳಿದ್ದವು. ಅವಳು ಮುಖವನ್ನೇ ಪುಸ್ತಕದ ಮೇಲೆ ಒತ್ತಿಕೊಂಡು, ದಾರಿ ಕಾಣದೆ, ಪ್ಲಾಟ್‌ಫಾರ್ಮಿನ ಅಂಚಿಗೆ ಎಡವಿದಳು. ನನ್ನ ಮನಸ್ಸು ಮುದುಡಿಹೋಯಿತು.

ಮರುದಿನದಿಂದ ಅವಳು ನಿಲ್ದಾಣದಲ್ಲಿ ಕಾಣಲಿಲ್ಲ. ಸದಲಗಾ ಬಸ್ಸಿನ ಕಂಡಕ್ಟರನ್ನು ಕೇಳಿದೆ. ಮಾತು ಕಡಿಮೆಯ ಮನುಷ್ಯ ಅವನು.

“ಊರ ಹೊರಗಿನ ಕ್ರಾಸಿನ್ಯಾಗ ಇಳದ ನಡಕೋತ ಹೊಕ್ಕಾಳ್ರಿ. ಅದೂ ಇನ್ನ ನಾಕ ದಿವಸ. ಅವರಪ್ಪ ಕಾಲೇಜ ಬಿಡಸ್ತೀನಿ ಅಂದಾನಂತ.”

“ಪರೀಕ್ಷಾ ಬಂದಾವಲ್ಲೋ?”

“ಹೂಂನ್ರಿ. ಯಾವನೋ ಒಬ್ಬ ದ್ರಾಕ್ಷಿ ಅನ್ನಾವ ಆಕಿ ಬೆನ್ನ ಹತ್ಯಾನ್ರಿ” ಎಂದು ಹೇಳಿ ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದ. ಅದು ನನ್ನ ಮೇಲೇ ಬಿದ್ದಂತಾಯಿತು.

ನಾನು ಒಳಗೆ ಹೋಗಿ ಬರೆದದ್ದನ್ನೆಲ್ಲ ಅಳಿಸಿದೆ. ನಾನು ಅಳಿಸಿದರೇನು, ಅಷ್ಟರಲ್ಲಿ ನೂರಾರು ಫೋನುಗಳಲ್ಲಿ ಅದರ ಫೋಟೋ ಕುಳಿತಿತ್ತು. ಆಮೇಲೆ ಅದೇ ದ್ರಾಕ್ಷಿಯ ಹಿಂದಿನಿಂದ, “ಸೋದರರೇ, ಆ ತಂಗಿಯನ್ನು ಕಾಡಬೇಡಿ” ಎಂದು ಬರೆದೆ. ಕ್ಷಣದಲ್ಲಿ ಉತ್ತರ ಬಂತು: “ಶುರು ಮಾಡಿದಾವ ನೀನ ಅಲ್ಲೇನಲೇ?” ಇನ್ನೊಬ್ಬ ‘ಹುಳಿ ದ್ರಾಕ್ಷಿ’ ಎಂದ. ಮತ್ತೊಬ್ಬ ‘ಒಣದ್ರಾಕ್ಷಿ’ ಎಂದ, ಅದು ಎಲ್ಲರಿಗೂ ಹಿಡಿಸಿತು. ಮೂರು ದಿನ ನನ್ನನ್ನು ಒಣಗಿಸಿದರು. ನನಗೆ ಊಟ ಸೇರದಾಯಿತು. ಹೆಂಡತಿ ಪ್ರೀತಿಯಿಂದ ಶಿರಾ ಮಾಡಿ ಬಡಿಸಿದರೆ, ಅದರಲ್ಲಿದ್ದ ಒಣದ್ರಾಕ್ಷಿ, ನಮ್ಮ ಕಡೆಯ ಮನಕಾ, ನೋಡಿ ತಟ್ಟೆ ಸರಿಸಿ ಎದ್ದುಹೋದೆ.

“ಏನ್ ಆಗೇತಿ ನಿಮಗ? ಮನಕಾ ಏನ್ ಮಾಡ್ಯಾವ?” ಎಂದು ಅವಳು ಬೆನ್ನು ಹತ್ತಿದಳು. ಐವತ್ತರ ಹತ್ತಿರದ ಮನುಷ್ಯ ಯಾರೋ ಮುಖ ಕಾಣದವರು ಒಣದ್ರಾಕ್ಷಿ ಅಂದರೆಂದು ಅಳುತ್ತಿದ್ದೇನೆಂದು ಹೇಗೆ ಹೇಳಲಿ? ಆ ಹುಡುಗಿಗಾದರೆ ಇಪ್ಪತ್ತು ವರ್ಷ, ಅವಳದ್ದು ಸುಳ್ಳು ಹೆಸರೂ ಅಲ್ಲ.

ಮೊದಲ ಭಾನುವಾರ ಬಂತು. ಡ್ಯೂಟಿ ಇದೆ ಎಂದು ಸಭೆಗೆ ಹೋಗಲಿಲ್ಲ. ಡ್ಯೂಟಿ ನನ್ನದಾಗಿರಲಿಲ್ಲ, ಬೇಡಿ ಹಾಕಿಸಿಕೊಂಡದ್ದು. ಸೋಮವಾರ ಬೆಳಿಗ್ಗೆ ಆಯಿ ಕೊಡೆ, ಡಬ್ಬಿ ಸಮೇತ ನಿಲ್ದಾಣಕ್ಕೆ ಬಂದು ನನ್ನ ಕಿಟಕಿಯ ಎದುರಿನ ಬೆಂಚಿನಲ್ಲಿ ಕುಳಿತಳು. ಯಾವ ಬಸ್ಸನ್ನೂ ಹತ್ತಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತ ಮೂರು ಗಂಟೆ ಕುಳಿತಳು. ನಾನು ನಿಪ್ಪಾಣಿ ಬಸ್ಸನ್ನು ರಾಯಬಾಗಕ್ಕೆ, ರಾಯಬಾಗದ್ದನ್ನು ನಿಪ್ಪಾಣಿಗೆ ಕೂಗಿದೆ. ಜನ ಗಂಟುಮೂಟೆ ಹಿಡಿದು ಅತ್ತಿಂದಿತ್ತ ಓಡಾಡಿದರು. ಕೊನೆಗೆ ತಡೆಯಲಾರದೆ ಹೊರಗೆ ಬಂದು ಆಯಿಯ ಪಕ್ಕ ಕುಳಿತು ಎಲ್ಲವನ್ನೂ ಒಪ್ಪಿಕೊಂಡೆ.

ಆಯಿಗೆ ಫೇಸ್‌ಬುಕ್ಕು ತಿಳಿಸುವುದೇ ದೊಡ್ಡ ಪಾಡಾಯಿತು.

“ಅದೊಂದು ಗ್ವಾಡಿ ಇದ್ದಂಗ ಆಯಿ. ಅದರ ಮ್ಯಾಲ ಎಲ್ಲಾರೂ ಬರೀತಾರ.”

“ಯಾರ ಮನಿ ಗ್ವಾಡಿ?”

“ಯಾರದೂ ಅಲ್ಲ.”

“ಮತ್ತ ಯಾರ್ನ ಕೇಳಿ ಬರದಿ?”

“ಯಾರೂ ಕೇಳೂದಿಲ್ಲ ಆಯಿ, ಹಂಗ ಬರೀತಾರ.”

“ಸಂಡಾಸದ ಗ್ವಾಡಿ ಅನ್ನು” ಎಂದಳು ಆಯಿ. ಅಷ್ಟು ಚೆನ್ನಾಗಿ ಅದನ್ನು ಇನ್ನಾರೂ ನನಗೆ ವಿವರಿಸಿಲ್ಲ. “ಎಷ್ಟ ಮಂದಿ ನೋಡ್ಯಾರ?”

“ನಾಕನೂರ ಮಂದಿ ಹೆಬ್ಬಟ್ಟ ಎತ್ಯಾರ.”

ಆಯಿ ನನ್ನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. “ಆ ಗ್ವಾಡಿ ಮ್ಯಾಲೂ ಕೇಳು. ಇಲ್ಲಿ ಆ ಹುಡುಗರು ಆಕೀನ ಕಾಡ್ಯಾರಲ್ಲ, ಇಲ್ಲೂ ಕೇಳು. ಆಕಿ ಕಾಲೇಜ ಬಿಡೂಕಿಂತ ಮೊದಲ ಕೇಳು, ತಮ್ಮಾ. ಆಮ್ಯಾಲ ಕೇಳಿದ್ರ ಅದು ನಿನ್ನ ಸಮಾಧಾನಕ್ಕಷ್ಟ.”

ಗೋಡೆಯ ಮೇಲೆ ಆ ದಿನವೇ ಬರೆದೆ. ದ್ರಾಕ್ಷಿ ತೆಗೆದು ನನ್ನ ಸ್ವಂತ ಮುಖ, ಸ್ವಂತ ಹೆಸರು ಹಾಕಿ, ಈ ಕೆಲಸ ಮಾಡಿದವನು ನಾನೇ, ನಿಲ್ದಾಣದ ನಿಯಂತ್ರಕ, ಕ್ಷಮಿಸಬೇಕು ಎಂದು ಬರೆದೆ. ಬೈಯುವಾಗ ನಾಲ್ಕುನೂರು ಹೆಬ್ಬೆಟ್ಟು ಬಂದಿದ್ದವು, ಕ್ಷಮೆಗೆ ಮೂರು ಬಂದವು. ಒಂದು ನನ್ನ ಹೆಂಡತಿಯದು. ಒಂದು ನನ್ನದೇ, ಕೈತಪ್ಪಿ ಒತ್ತಿದ್ದು. ಮೂರನೆಯವರು ಕಾಗವಾಡ ಕಡೆಯ ಟ್ರ್ಯಾಕ್ಟರ್ ಮಾರುವವರು, ಎಲ್ಲದಕ್ಕೂ ಒತ್ತುತ್ತಿದ್ದರು.

ಉಳಿದದ್ದು ನಿಲ್ದಾಣ. ಗುರುವಾರ ಹುಡುಗಿ ಪರೀಕ್ಷೆಯ ಹಾಲ್ ಟಿಕೆಟ್ ಒಯ್ಯುತ್ತಾಳೋ, ಕಾಲೇಜಿನಿಂದ ಸರ್ಟಿಫಿಕೇಟೇ ಬಿಡಿಸಿಕೊಂಡು ಹೋಗುತ್ತಾಳೋ ಗೊತ್ತಿಲ್ಲ, ಅಪ್ಪನ ಜೊತೆ ಬರುತ್ತಾಳೆ ಎಂದು ಕಂಡಕ್ಟರು ಹೇಳಿದ. ನಾನು ಬುಧವಾರವೆಲ್ಲ ಕುಳಿತು ಎರಡೂ ಭಾಷೆಗಳಲ್ಲಿ ಮಾತು ಬರೆದುಕೊಂಡೆ. ಹೆಂಡತಿಗೆ ಓದಿ ತೋರಿಸಿದೆ. “ಭಾಳ ಉದ್ದ ಆತು” ಎಂದಳು. ಅವಳಿಗೇನು ಗೊತ್ತು ಎಂದುಕೊಂಡೆ.

ಗುರುವಾರ ಬಸ್ಸು ಬಂತು. ಹುಡುಗಿ ಇಳಿದಳು, ಹಿಂದೆ ಬಿಳಿ ಟೋಪಿಯ ಅಪ್ಪ ಇಳಿದ. ನಾನು ಮೈಕು ಒತ್ತಿದೆ.

“ಪ್ರಯಾಣಿಕರ ಗಮನಕ್ಕೆ. ಈಗ ಸದಲಗಾ ಬಸ್ಸಿನಿಂದ ಇಳಿದ ವಿದ್ಯಾರ್ಥಿನಿಗೆ ಸೆಕೆಂಡ್ ಮುಳ್ಳು ಎಂದು ಹೆಸರಿಟ್ಟವನು, ಟಿಕ್ ಟಿಕ್ ಎಂದು ಕಾಡಲು ಕಲಿಸಿದವನು ನಾನೇ. ಇಂಥ ಒಳ್ಳೆಯ ಮನೆತನದ ಹುಡುಗಿಗೆ ಹಾಗೆ ಅಂದದ್ದು ದೊಡ್ಡ ತಪ್ಪು.” ನನ್ನ ದನಿ ನನಗೇ ಬಹಳ ಚೆನ್ನಾಗಿ ಕೇಳಿಸಿತು. “ಪ್ರವಾಶಾಂನೀ ಕೃಪಯಾ ಲಕ್ಷ ದ್ಯಾವೇ...” ಎಂದು ಮರಾಠಿಯಲ್ಲೂ ಶುರುಮಾಡಿದೆ.

ಅಷ್ಟರಲ್ಲಿ ಇಡೀ ನಿಲ್ದಾಣ ಎದ್ದುನಿಂತಿತ್ತು. ಕಾಗವಾಡ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. “ಯಾವ ಹುಡುಗಿ?” “ಅಕೋ ಅಲ್ಲಿ, ಆಕಿ, ಹಸರ ಚೂಡಿದಾರ.” “ಏನಂತ ಹೆಸರ ಇಟ್ಟಾನಂತ?” “ಸೆಕೆಂಡ್ ಮುಳ್ಳಂತ.” ಕಬ್ಬಿನ ಜಲ್ಲೆ ಹಿಡಿದಿದ್ದ ಮುದುಕಿಯೊಬ್ಬಳು ಹತ್ತಿರ ಹೋಗಿ ಹುಡುಗಿಯ ಗಲ್ಲ ಹಿಡಿದು ನೋಡಿದಳು. ಅಪ್ಪ ಟೋಪಿ ತೆಗೆದು ನೆಲ ನೋಡುತ್ತ ನಿಂತ. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಹುಡುಗಿ ನೇರವಾಗಿ ನನ್ನ ಕಿಟಕಿಗೆ ಬಂದಳು. ಅಳುತ್ತಾಳೆ, ‘ಇರಲಿ ಬಿಡ್ರಿ ಕಾಕಾ’ ಎನ್ನುತ್ತಾಳೆ, ನಾನೂ ಅಳುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಅವಳು ಗಾಜಿನ ತೂತಿನಿಂದ ಒಳಗೆ ಕೈಹಾಕಿ ಮೈಕಿನ ಬಟನ್ ತಾನೇ ಆರಿಸಿದಳು.

“ಕಾಕಾ, ಇಷ್ಟ ದಿವಸ ಫೋನ್ ಇದ್ದಾವ್ರಿಗಷ್ಟ ಗೊತ್ತಿತ್ತು. ಈಗ ಫೋನ್ ಇಲ್ಲದ ಆ ಕಬ್ಬ ಹಿಡದ ಮುದುಕಿಗೂ ಗೊತ್ತಾತು.”

ನಾನು ಬರೆದುಕೊಂಡಿದ್ದ ಹಾಳೆಯನ್ನು ಮಡಚಿ ರಿಜಿಸ್ಟರಿನ ಕೆಳಗೆ ಸರಿಸಿದೆ.

“ನಿಮಗ ಕ್ಷಮಾ ಬೇಕಾಗಿತ್ತು, ಕೇಳಿದ್ರಿ. ನನಗೇನ ಬೇಕಾಗಿತ್ತು ಅಂತ ಕೇಳಿದ್ರೇನು?”

“ಏನ ಬೇಕಯವ್ವಾ?”

“ಸುಮ್ಮನಿರ್ರಿ. ನನ್ನ ಸುದ್ದಿ ಕೆಟ್ಟದ್ದೂ ಬ್ಯಾಡ, ಒಳ್ಳೇದೂ ಬ್ಯಾಡ.” ಹೊರಡಲು ತಿರುಗಿದವಳು ಮತ್ತೆ ನಿಂತಳು. “ಸಂಜೀ ಬಸ್ ಯಾಕ ತಡಾ ಆಗತಿತ್ತು ಗೊತ್ತೈತೇನ್ರಿ? ಡ್ರೈವರ್ ಕಾಕಾ ನಿಮ್ಮ ಖೋಲ್ಯಾಗ ಕುಂತ ನಿಮ್ಮ ಮಾತ ಕೇಳ್ಕೋತ ನಗತಿದ್ರು. ನಾವು ಬಸ್ಸಿನ್ಯಾಗ ಕುಂತ ಗಾಜಿನ್ಯಾಗಿಂದ ನೋಡತಿದ್ವಿ. ಅದನ್ನ ಬರದ್ರ ನಿಮ್ಮ ನೌಕರಿಗ ತ್ರಾಸ ಆದೀತಂತ ಬರದಿರಲಿಲ್ಲ.”

ನಾನು ಅಷ್ಟು ಬರೆದಿದ್ದೆ, ಅವಳು ಅಷ್ಟನ್ನು ಬರೆಯದೆ ಉಳಿಸಿದ್ದಳು. ಅವಳ ಅಪ್ಪ ಬಂದು ನನಗೆ ಕೈಮುಗಿದು, “ಸಾಹೇಬ್ರ, ಬಡವರ ಅದೀವ್ರಿ. ಬಿಟ್ಟಬಿಡ್ರಿ ನಮ್ಮನ್ನ” ಎಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈಮುಗಿದದ್ದು ಈಗಲೂ ನನಗೆ ಆಗಾಗ ಊಟದ ನಡುವೆ ನೆನಪಾಗುತ್ತದೆ.

ಹಾಗಾದರೆ ಇದನ್ನು ಈಗ ಯಾಕೆ ಬರೆದೆ ಎಂದು ನೀವು ಕೇಳಬಹುದು. ವರ್ಷಗಳು ಕಳೆದ ಮೇಲೆ ಬರೆದದ್ದನ್ನು ಅದೇ ಕಂಡಕ್ಟರ ಕೈಯಲ್ಲಿ ಅವಳಿಗೆ ಕಳಿಸಿ, ಅಚ್ಚು ಮಾಡಿಸಲೇ ಎಂದು ಕೇಳಿದೆ. ತನ್ನ ಊರಿನ ಹೆಸರು ಬದಲಿಸಿ ಎಂದು ಚೀಟಿ ಬಂತು, ಬದಲಿಸಿದ್ದೇನೆ. ಅವಳ ಊರು ಸದಲಗಾ ಅಲ್ಲ. ಎರಡು ಕಡೆ ಗೆರೆಯನ್ನೂ ಎಳೆದಿದ್ದಳು. ಎರಡೂ ನಾನು ಪಶ್ಚಾತ್ತಾಪದ ಹೆಸರಿನಲ್ಲಿ ನನ್ನನ್ನೇ ಹೊಗಳಿಕೊಂಡ ಸಾಲುಗಳು. ತೆಗೆದುಹಾಕಿದ್ದೇನೆ.

ಆ ಗುರುವಾರ ಅವಳು ಹಾಲ್ ಟಿಕೆಟ್ಟನ್ನೇ ಒಯ್ದಳು ಎಂದು ಕಂಡಕ್ಟರಿನಿಂದ ತಿಳಿಯಿತು. ಆದರೆ ಒಂದು ದಿನ ಯಾರಾದರೂ ಟಿಕ್ ಅಂದರೂ ಮನೆಗೆ ವಾಪಸ್ ಎಂದು ಅಪ್ಪ ಕರಾರು ಹಾಕಿದ್ದನಂತೆ. ಅವಳು ಮತ್ತೆ ನಿಲ್ದಾಣದಲ್ಲೇ ಇಳಿಯತೊಡಗಿದಳು. ಅಂದಿನಿಂದ ಬೆಳಿಗ್ಗೆ ಆ ಬಸ್ಸು ಬರುವ ಹೊತ್ತಿಗೆ ನಾನು ಕೋಣೆಯಿಂದ ಹೊರಬಂದು ಆ ಹುಡುಗರ ಪಕ್ಕ, ಕಂಬಕ್ಕೆ ಇನ್ನೊಂದು ಕಂಬದ ಹಾಗೆ ನಿಲ್ಲತೊಡಗಿದೆ. ಏನೂ ಮಾತಾಡುತ್ತಿರಲಿಲ್ಲ. ಅವರಿಗೆ ಬೈಯಲು ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗುತ್ತಿದ್ದೆ, ಬೈದರೆ ಅದು ಮತ್ತೆ ಅವಳ ಸುದ್ದಿಯೇ ಆಗುತ್ತಿತ್ತು. “ಯಾಕ್ರಿ ಕಾಕಾ, ಇಲ್ಲಿ ನಿಂತೀರಿ?” ಎಂದು ಕೇಳಿದರೆ ಆಕಾಶ ನೋಡುತ್ತಿದ್ದೆ. ಒಬ್ಬ ಟಿಕ್ ಎನ್ನಲು ನಾಲಿಗೆಯನ್ನು ಮೇಲಕ್ಕೆ ಹಚ್ಚಿದ, ನಾನು ಅವನ ಬಾಯಿಯೊಳಗೇ ಇಣುಕಿ ನೋಡಿದೆ, ಹಲ್ಲಿನ ಡಾಕ್ಟರ ಹಾಗೆ. ಅವನು ಬಾಯಿ ಮುಚ್ಚಿದ. ವಾರದಲ್ಲಿ ಹುಡುಗರು ಬೇಸತ್ತು ಬೇರೆ ಕಂಬ ಹುಡುಕಿಕೊಂಡರು. ನನಗೆ ಗಂಟಲು ಬೇನೆಯೆಂದು ಊರಲ್ಲಿ ಸುದ್ದಿ ಹಬ್ಬಿತು. ರಾಯಬಾಗದ ಒಬ್ಬ ಪ್ರಯಾಣಿಕರು ಅರಿಶಿನದ ಕೊಂಬು ತಂದುಕೊಟ್ಟು, ಹಾಲಿಗೆ ಹಾಕಿ ಕುಡಿಯಿರಿ ಎಂದರು. ಕುಡಿದೆ, ಏನು ಹೇಳಲಿ. ಸಂಜೆಯ ಡ್ರೈವರನ್ನು ಐದು ಇಪ್ಪತ್ತೈದಕ್ಕೇ ಕೋಣೆಯಿಂದ ಎಬ್ಬಿಸಿ ಕಳಿಸುತ್ತಿದ್ದೆ. “ಮೊದಲಿನ ಮಜಾ ಇಲ್ಲ ಬಿಡ್ರಿ” ಎಂದು ಅವರು ಬೇಜಾರು ಮಾಡಿಕೊಂಡರು.

ಸಭೆಯಲ್ಲಿ ಇನ್ನೊಂದು ಕಷ್ಟ ಕಾದಿತ್ತು. ನಮ್ಮಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತು ಉಂಟು: ದೇವರು ತನಗೇನು ಮಾಡಿದನೆಂದು ಎದ್ದುನಿಂತು ಹೇಳುವುದು. ಮೈಕಿನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಪಾಸ್ಟರು ನನ್ನನ್ನು ನೋಡಿ ನಕ್ಕು, “ಯಾರರ ಸಾಕ್ಷಿ ಹೇಳಾವ್ರದಾರೇನ್ರಿ?” ಎಂದರು. ಮೂವತ್ತೈದು ಮನೆಗಳ ಕುತ್ತಿಗೆ ನನ್ನ ಕಡೆ ತಿರುಗಿತು. ನನ್ನ ಜೀವಮಾನದಲ್ಲೇ ಅಂಥ ಸಭೆ ನನಗೆ ಸಿಕ್ಕಿರಲಿಲ್ಲ. ಅಳಿಸಬಹುದಿತ್ತು, ನಗಿಸಬಹುದಿತ್ತು. ನಾನು ಹಾಡಿನ ಪುಸ್ತಕವನ್ನು ಗಟ್ಟಿಯಾಗಿ ಹಿಡಿದು ಕುಳಿತೇ ಇದ್ದೆ. ನಾದಿನಿ ಹೆಂಡತಿಯ ಕಿವಿಯಲ್ಲಿ, “ಭಾವಗ ಆರಾಮ ಇಲ್ಲೇನ?” ಎಂದಳು. ರೊಟ್ಟಿಯ ತಟ್ಟೆ ಬಂದಾಗ ಮುಟ್ಟದೆ ಮುಂದಕ್ಕೆ ಸಾಗಿಸಿದೆ. ಕ್ಷಮೆ ಕೇಳಿದ್ದು ಹೌದು, ಆದರೆ ಅವಳು ಕ್ಷಮಿಸಿದ್ದೇನೆ ಎಂದಿರಲಿಲ್ಲ. ಆ ತಿಂಗಳು ಸಾಗಿಸಿದೆ, ಮುಂದಿನ ತಿಂಗಳೂ ಸಾಗಿಸಿದೆ. ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಆಯಿ ಪ್ರತಿ ಸಲವೂ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು.

ಆಮೇಲೆ ಒಂದು ಶುಕ್ರವಾರ. ಹುಡುಗಿಯ ಕೊನೆಯ ಪರೀಕ್ಷೆಗಳೂ ಮುಗಿದು ಬಹಳ ದಿನಗಳಾಗಿದ್ದವು, ಪಾಸಾದಳೆಂದು ಕಂಡಕ್ಟರು ಹೇಳಿದ್ದ. ತಲೆ ತಗ್ಗಿಸಿ ರಿಜಿಸ್ಟರು ಬರೆಯುತ್ತಿದ್ದೆ.

“ಕಾಕಾ, ರಾಯಬಾಗ ಬಸ್ ಎಷ್ಟಕ್ಕ ಐತ್ರಿ?”

ಅವಳೇ. ಕೈಯಲ್ಲಿ ಫೈಲು, ಕಾಲಲ್ಲಿ ಹೊಸ ಚಪ್ಪಲಿ. ನೌಕರಿಗೋ, ಇಂಟರ್‌ವ್ಯೂಗೋ, ಮುಂದಿನ ಓದಿಗೋ? ಕೇಳಬೇಕೆಂದು ಜೀವ ಹಾರಿತು. ಚೆನ್ನಾಗಿರು ಎನ್ನಬೇಕೆಂದೂ ಅನ್ನಿಸಿತು.

“ಒಂಬತ್ತು ಹತ್ತಕ್ಕವ್ವಾ. ಎರಡನೇ ಪ್ಲಾಟ್‌ಫಾರ್ಮ್.”

“ಹೂಂ, ಬರ್ತೀನ್ರಿ ಕಾಕಾ” ಎಂದಳು. ಯಾವ ನಿಯಂತ್ರಕನಿಗಾದರೂ ಯಾರಾದರೂ ಅನ್ನುವ ಹಾಗೆಯೇ ಅಂದಳು. ತುಂಬಿದ ನಿಲ್ದಾಣದ ನಡುವೆ ಒಬ್ಬಳೇ ಆರಾಮವಾಗಿ ನಡೆದುಹೋಗಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಚೀಲದಿಂದ ಕಡಲೆ ತೆಗೆದು ತಿನ್ನತೊಡಗಿದಳು. ಒಬ್ಬರೂ ಅವಳ ಕಡೆ ತಿರುಗಿ ನೋಡಲಿಲ್ಲ. ನನಗೆ ಅಷ್ಟು ಸಂತೋಷ ಯಾವ ಚಪ್ಪಾಳೆಯಿಂದಲೂ ಆಗಿರಲಿಲ್ಲ.

ಅದರ ನಂತರ ಬಂದ ತಿಂಗಳ ಮೊದಲ ಭಾನುವಾರ ತಟ್ಟೆ ಬಂದಾಗ ನಾನು ರೊಟ್ಟಿ ತೆಗೆದುಕೊಂಡೆ. ಮುಂದಿನ ಬೆಂಚಿನಿಂದ ಆಯಿ ಪೂರ್ತಿ ತಿರುಗಿ ಕುಳಿತು, “ಏನಂದಳೋ ತಮ್ಮಾ ಆಕಿ? ಹೇಳೋ!” ಎಂದು ಎಲ್ಲರಿಗೂ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದಳು. ನಾನು ತಲೆ ಅಲ್ಲಾಡಿಸಿ ಸುಮ್ಮನೆ ಕುಳಿತೆ. ಬಾಯಲ್ಲಿ ರೊಟ್ಟಿ ಇತ್ತು.